ಅವಳ ಹೆಸರಿನ ಬಾಟಲಿ

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ನಡೆದದ್ದಿದು. ಇಷ್ಟು ದಿನ ಬರೆಯಲು ಧೈರ್ಯ ಬಂದಿರಲಿಲ್ಲ. ನಾನು ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತನಾದವನು. ಓದಿದ್ದು ಎಸ್ಸೆಸ್ಸೆಲ್ಸಿ. ನನ್ನ ಹೆಂಡತಿ ದಾಕ್ಷಾಯಣಿ. ಮಗಳು ಸುಮಿತ್ರಾಳನ್ನು ಕುಶಾಲನಗರಕ್ಕೆ ಕೊಟ್ಟಿದ್ದೇವೆ.

ಆ ವರ್ಷ ದಾಕ್ಷಾಯಣಿಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ. ಪರೀಕ್ಷೆ ಮಾಡಿಸಿದಾಗ ಟಿಬಿ ಎಂದರು. ಡಾಕ್ಟರು ಮಾತ್ರೆ ಬರೆದುಕೊಟ್ಟು ನನಗೆ ಬಿಡಿಸಿ ಹೇಳಿದ್ದರು: "ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗುತ್ತೆ, ಅದಕ್ಕೆ ಹೆದರ್ಬೇಡಿ. ಆದ್ರೆ ಊಟ ಸೇರಲ್ಲ, ವಾಂತಿ, ಮೂತ್ರ ಕಪ್ಪಿಗೆ ತಿರುಗ್ತು ಅಂದ್ರೆ ಒಂದು ದಿನಾನೂ ಕಾಯ್ಬೇಡಿ. ಮಾತ್ರೆ ಲಿವರಿಗೆ ಹೊಡೆದಿರುತ್ತೆ. ಮತ್ತೆ, ನಾಟಿ ಮದ್ದು ಗಿದ್ದು ಏನಾದ್ರೂ ಕೊಟ್ರೆ ನನ್ನ ಹತ್ರ ಬರ್ಲೇಬೇಡಿ."

ನಾನು ಜೋರಾಗಿ ತಲೆಯಾಡಿಸಿದೆ. ಎಸ್ಟೇಟಿನ ಲೈನ್ ಮನೆಗಳ ಕೆಲಸದವರಿಗೆ ಇದೇ ಮಾತನ್ನು ವರ್ಷಗಟ್ಟಲೆ ಗದರಿ ಹೇಳಿದವನು ನಾನು.

ಅದೇ ದಿನ ಆಸ್ಪತ್ರೆಯಲ್ಲಿ ಮೈಸೂರಿನಿಂದ ಬಂದಿದ್ದ ಸ್ಮಿತಾ ಎಂಬ ಹುಡುಗಿ ಪರಿಚಯವಾದಳು. ಟಿಬಿ ಮಾತ್ರೆ ಕೆಲವರಿಗೆ ಯಾಕೆ ವಿಷವಾಗುತ್ತದೆ ಎಂದು ಪತ್ತೆ ಮಾಡುವ ಸಂಶೋಧನೆಯಲ್ಲಿ ಅವಳು ಕೆಲಸ ಮಾಡುತ್ತಿದ್ದಳು. ಮಾತ್ರೆ ಶುರು ಮಾಡುವ ಮೊದಲು ಒಮ್ಮೆ, ಆಮೇಲೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮೂತ್ರ ಬೇಕು ಎಂದಳು.

"ಅದ್ರಲ್ಲಿ ಏನು ನೋಡ್ತೀಯಮ್ಮ?" ಎಂದು ಕೇಳಿದೆ.

"ನಾವು ತಿಂದಿದ್ದು, ನುಂಗಿದ್ದು ಎಲ್ಲಾ ಒಳಗೆ ಕರಗಿ ಸಾವಿರಾರು ಸಣ್ಣ ಪದಾರ್ಥ ಆಗುತ್ತೆ ತಾತ. ಮೂತ್ರದಲ್ಲಿ ಅದೆಲ್ಲದರ ಗುರುತು ಇರುತ್ತೆ. ಲಿವರ್ ಕೆಡೋಕೆ ಶುರುವಾದ್ರೆ ಆ ಗುರುತು ಹೇಗೆ ಬದಲಾಗುತ್ತೆ, ಮೊದಲೇ ಗೊತ್ತು ಮಾಡ್ಕೋಬಹುದಾ ಅಂತ ನೋಡ್ತಿದ್ದೀವಿ."

ನನಗೆ ಅರ್ಥವಾಯಿತು. ಕಾಫಿಗೆ ಕಣದಲ್ಲಿ ಒಣಗುವಾಗ ಮಳೆ ತಾಗಿದೆ ಎಂದು ಕುಡಿದು ನೋಡಿಯೇ ಹೇಳುವವರನ್ನು ನಾನು ಕಂಡಿದ್ದೇನೆ.

ದಾಕ್ಷಾಯಣಿಗೆ ಮಾತ್ರ ನಗು ತಡೆಯಲಾಗಲಿಲ್ಲ. "ಐಸ್ ಪೆಟ್ಟಿಗೇಲಿ ಇಟ್ಕೊಂಡು ಮೈಸೂರಿಗೆ ತಗೊಂಡು ಹೋಗ್ತಾರಂತೆ ಕಣ್ರೀ. ದಸರಾ ತೋರಿಸ್ತೀನಿ ಅಂತ ಮದುವೆಯಾದಾಗಿಂದ ಹೇಳ್ತಾನೇ ಇದ್ದೀರ. ನನ್ನ ಉಚ್ಚೆ ನನಗಿಂತ ಮುಂಚೆ ಹೊರಟ್ತು ನೋಡಿ!" ಸ್ಮಿತಾ ಕೂಡ ನಕ್ಕಳು.

ಮಾತ್ರೆಯನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ನಾನೇ ಅಂಗೈಗೆ ಹಾಕುತ್ತಿದ್ದೆ, ನನ್ನೆದುರಿಗೇ ನುಂಗುತ್ತಿದ್ದಳು. ಕೆಮ್ಮು ಇಳಿಯಿತು. ಅಷ್ಟರಲ್ಲಿ ಆಟಿ ತಿಂಗಳ ಹದಿನೆಂಟನೆಯ ದಿನ ಬಂತು.

ಅಂದು ನಮ್ಮ ಕಡೆ ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಬೇಲಿ ಬದಿಯ ಆ ಸೊಪ್ಪಿನಲ್ಲಿ ಅಂದು ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂದು ನಂಬಿಕೆ. ಬೇಯಿಸಿ ಸೋಸಿದ ನೀರು ನೇರಳೆ ಬಣ್ಣ. ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿ ಹಾಕುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಹೊರಗಿನವರು ಕಂಡರೆ ಗಾಬರಿಯಾಗುತ್ತಾರೆ, ನಾವು ಮದ್ದು ಹಿಡಿಯಿತು ಎನ್ನುತ್ತೇವೆ. ಒಂದೆರಡು ದಿನದಲ್ಲಿ ಆ ಬಣ್ಣ ಹೋಗಿಬಿಡುತ್ತದೆ. ಇದು ಇಲ್ಲಿನ ಮಕ್ಕಳಿಗೂ ಗೊತ್ತು.

ಆ ವರ್ಷ ಪಾಯಸ ನಾನೇ ಮಾಡಿದೆ. "ಡಾಕ್ಟರು ಬೇಡ ಅಂದಿದ್ರಲ್ಲ" ಎಂದಳು. "ಇದು ಮದ್ದಲ್ಲ ಮಾರಾಯ್ತಿ, ಹಬ್ಬ" ಎಂದೆ. ಇಬ್ಬರೂ ತಿಂದೆವು.

ಅದಾಗಿ ಸುಮಾರು ಒಂದು ವಾರಕ್ಕೆ ಅವಳಿಗೆ ಊಟ ಬೇಡವಾಯಿತು. ತಟ್ಟೆ ಕಂಡರೆ ಹೊಟ್ಟೆ ತೊಳಸುತ್ತದೆ ಎಂದು ಮಲಗಿಬಿಡುತ್ತಿದ್ದಳು. ಅಜೀರ್ಣ ಎಂದುಕೊಂಡು ಜೀರಿಗೆ ಕಷಾಯ ಕೊಟ್ಟೆ. ಸ್ಮಿತಾ ಎರಡನೇ ಬಾಟಲಿಗೆ ಮನೆಗೆ ಬಂದದ್ದು ಅಂಥ ಒಂದು ಬೆಳಿಗ್ಗೆ. ಜೀಪು ಗೇಟಿನ ಹೊರಗೆ ನಿಂತಿತ್ತು. ಅವಳನ್ನು ಹೊರಗೆ ಕೂರಿಸಿ ಬಾಟಲಿ ಹಿಡಿದು ಒಳಗೆ ಹೋದೆ. ದಾಕ್ಷಾಯಣಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಂದು ಬಾಟಲಿ ನನ್ನ ಕೈಗೆ ಕೊಟ್ಟು ಮತ್ತೆ ಮಲಗಿದಳು.

ಬಾಟಲಿಯಲ್ಲಿದ್ದದ್ದು ಬೆಲ್ಲದ ಕಾಫಿಯ ಬಣ್ಣ.

ನನಗೆ ಮೊದಲು ನೆನಪಾದದ್ದು ಪಾಯಸ. ಈ ಹುಡುಗಿ ನೋಡಿದರೆ ಕೇಳುತ್ತಾಳೆ, ಡಾಕ್ಟರಿಗೆ ಹೇಳುತ್ತಾಳೆ, ನಾಲ್ಕು ಜನರೆದುರು ಅವರು ನನ್ನನ್ನು ಬೈಯುತ್ತಾರೆ. ಊರಿಗೆಲ್ಲ ಬುದ್ಧಿ ಹೇಳಿದ ರೈಟರ್ ಹೆಂಡತಿಗೆ ಸೊಪ್ಪು ತಿನ್ನಿಸಿದ ಎಂದು ನಗುತ್ತಾರೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಅವಳು ಕೊಟ್ಟದ್ದನ್ನು ಬಚ್ಚಲಿಗೆ ಸುರಿದು, ಬಾಟಲಿ ತೊಳೆದು, ನನ್ನ ಮೂತ್ರ ತುಂಬಿಸಿದೆ. ಅವಳ ಹೆಸರಿನ ಚೀಟಿ ಅಂಟಿಸಿದ್ದ ಬಾಟಲಿ.

ಸ್ಮಿತಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಕಿತ್ತಳೆ ಬಣ್ಣ ಇಲ್ವಲ್ಲ ತಾತ?"

"ನೀರು ಜಾಸ್ತಿ ಕುಡೀತಾಳೆ" ಎಂದೆ.

"ಅಜ್ಜೀನ ಒಂದ್ಸಲ ಮಾತಾಡಿಸಿ ಹೋಗ್ಲಾ?"

"ಈಗಷ್ಟೇ ನಿದ್ದೆ ಹತ್ತಿದೆ ಕಣಮ್ಮ."

ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅವಳು ಹೊರಟಳು. ಮಾರನೆಯ ಬೆಳಿಗ್ಗೆಯೂ ನಾನು ದಾಕ್ಷಾಯಣಿಯ ಅಂಗೈಗೆ ಅದೇ ಮಾತ್ರೆ ಹಾಕಿದೆ. ಅದರ ಮಾರನೆಯ ದಿನವೂ.

ಆ ವಾರದ ಕೊನೆಗೆ ಸುಮಿತ್ರಾ ಬಂದವಳು ತಾಯಿಯ ಮುಖ ನೋಡಿ ಬಾಗಿಲಲ್ಲೇ ನಿಂತಳು. "ಅಪ್ಪ, ಅಮ್ಮನ ಕಣ್ಣು ನೋಡಿದ್ರಾ? ಅರಿಶಿನ ಹಚ್ಚಿದ ಹಾಗಿದೆ!" ಆ ಹೊತ್ತಿಗೆ ದಾಕ್ಷಾಯಣಿ ಒಂದಕ್ಕೊಂದು ಸಂಬಂಧವಿಲ್ಲದ ಮಾತಾಡುತ್ತಿದ್ದಳು. ಮಡಿಕೇರಿಗೆ ಕರೆದುಕೊಂಡು ಹೋದೆವು, ಅಲ್ಲಿಂದ ಮೈಸೂರಿಗೆ ಕಳಿಸಿದರು. ಮಾತ್ರೆ ನಿಲ್ಲಿಸಿದರು. ಮೊದಲೇ ನಿಲ್ಲಿಸಿದ್ದರೆ ಲಿವರ್ ಚೇತರಿಸಿಕೊಳ್ಳುವ ಸಾಧ್ಯತೆ ಇತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ. ಮೈಸೂರಿನಿಂದ ಆಂಬುಲೆನ್ಸಿನಲ್ಲಿ ಅವಳ ದೇಹ ತಂದೆವು.

ಕೆಲವು ತಿಂಗಳಾದ ಮೇಲೆ ಸ್ಮಿತಾ ಮನೆಗೆ ಬಂದಳು. ಸುಮಿತ್ರಾಳೂ ಇದ್ದಳು. ಹುಡುಗಿ ಮಾತು ಶುರು ಮಾಡಲು ತಡವರಿಸಿದಳು. "ತಾತ, ಬೇಜಾರು ಮಾಡ್ಕೋಬೇಡಿ. ಅಜ್ಜಿಯ ಎರಡನೇ ಬಾಟಲೀಲಿ ಟಿಬಿ ಮಾತ್ರೆಯ ಗುರುತೇ ಇಲ್ಲ. ಸಕ್ಕರೆ ಕಾಯಿಲೆ ಮಾತ್ರೆಯ ಗುರುತು ಇದೆ. ಅಜ್ಜಿಗೆ ಸಕ್ಕರೆ ಕಾಯಿಲೆ ಇತ್ತಾ?"

"ಇಲ್ವಲ್ಲ, ಅದು ಅಪ್ಪನಿಗೆ" ಎಂದಳು ಸುಮಿತ್ರಾ. ಆಮೇಲೆ ಹಣೆ ಹಿಡಿದುಕೊಂಡಳು. "ಅಯ್ಯೋ, ಅಮ್ಮನಿಗೆ ಕಣ್ಣು ಮಂಜಾಗಿತ್ತು. ಅಪ್ಪನ ಮಾತ್ರೇನ ತನ್ನದು ಅಂತ ನುಂಗಿ ಲಿವರ್ ಕೆಡಿಸ್ಕೊಂಡ್ಳೋ ಏನೋ. ಹೌದಾ ಅಪ್ಪ?"

ಇಬ್ಬರೂ ನನ್ನನ್ನು ನೋಡಿದರು.

"ಇರಬಹುದು" ಎಂದೆ.

ಬಾಟಲಿ ಬದಲಿಸಿದ್ದಕ್ಕಿಂತ ಈ ಒಂದು ಮಾತು ದೊಡ್ಡ ಪಾಪ ಎಂದು ನನಗೆ ಅನ್ನಿಸುತ್ತದೆ. ಬಾಟಲಿ ಬದಲಿಸುವಾಗ ಅವಳು ಸಾಯುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಈ ಮಾತು ಹೇಳುವಾಗ ಎಲ್ಲವೂ ಗೊತ್ತಿತ್ತು.

ವರ್ಷದ ಕಾರ್ಯಕ್ಕೆ ನೆಂಟರು ಸೇರಿದ್ದರು. ಊಟಕ್ಕೆ ಎಲೆ ಹಾಕಿದ್ದರು. ನನ್ನ ತಮ್ಮನ ಹೆಂಡತಿ ಬಡಿಸುತ್ತಾ, "ಪಾಪ, ಅಕ್ಕ ಕೈಯಾರೆ ಜೀವ ಕಳ್ಕೊಂಡ್ಳು. ಯಾವ ಮಾತ್ರೆ ಅಂತ ಒಂದು ಮಾತು ಭಾವನ್ನ ಕೇಳಿದ್ರೆ ಆಗ್ತಿತ್ತು" ಎಂದಳು. ಯಾರೋ ಹೂಂಗುಟ್ಟಿದರು. "ಸ್ವಲ್ಪ ಹಟ ಜಾಸ್ತಿ ಬಿಡು" ಎಂದು ಇನ್ನೊಬ್ಬರು.

ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟೆ. "ಅವಳು ಯಾವುದನ್ನೂ ತಪ್ಪಿ ನುಂಗಿಲ್ಲ. ದಿನಾ ನಾನೇ ಕೊಡ್ತಿದ್ದೆ. ಆ ಬಾಟಲೀಲಿ ಇದ್ದಿದ್ದು ನನ್ನ ಮೂತ್ರ" ಎಂದೆ. ಎಲೆಯ ಮುಂದೆ ಕುಳಿತೇ ಎಲ್ಲವನ್ನೂ ಹೇಳಿದೆ. ಬಡಿಸುವವರು ಪಾತ್ರೆ ಹಿಡಿದುಕೊಂಡು ನಿಂತೇ ಇದ್ದರು.

ಸುಮಿತ್ರಾ ಅಳಲಿಲ್ಲ. ಕೂಗಾಡಲೂ ಇಲ್ಲ. ಮೆಲ್ಲಗೆ ಕೇಳಿದಳು: "ಪಾಯಸದ ಬಣ್ಣ ಅಂದ್ಕೊಂಡ್ರಾ?"

"ಹೂಂ."

"ನೀವೂ ಅದೇ ಪಾಯಸ ತಿಂದಿದ್ರಲ್ಲ. ನಿಮ್ಮದು ತಿಳಿಯಾಗಿತ್ತಲ್ಲ."

ತುಂಬಿದ ಬಾಟಲಿ ನನ್ನ ಕೈಯಲ್ಲೇ ಇತ್ತು, ನಾನದನ್ನು ನೋಡಿದ್ದೆ. ಸೊಪ್ಪಿನ ಬಣ್ಣ ವಾರದವರೆಗೆ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದದ್ದನ್ನು ನೆನಪು ಮಾಡಿಕೊಳ್ಳಲಿಲ್ಲ, ಅಷ್ಟೇ.

ಮರುದಿನ ಸ್ಮಿತಾಳಿಗೆ ಫೋನ್ ಮಾಡಿ ಹೇಳಿದೆ. ಅವರ ಲೆಕ್ಕದಲ್ಲಿ ದಾಕ್ಷಾಯಣಿ ಮಾತ್ರೆ ತೆಗೆದುಕೊಳ್ಳದವಳು ಎಂದಿರಬಾರದು ಎಂದು ಕೇಳಿಕೊಂಡೆ. "ಸರಿ ಮಾಡ್ತೀನಿ ತಾತ" ಎಂದಳು. ನನ್ನ ದನಿ ಕೇಳಿ ಕನಿಕರವಾಯಿತೋ ಏನೋ, "ಅವತ್ತು ಸರಿಯಾದದ್ದೇ ಕೊಟ್ಟಿದ್ರೂ ಲ್ಯಾಬಿನ ಫಲಿತಾಂಶ ಬರೋಕೆ ತಿಂಗಳುಗಳೇ ಆಗ್ತಿತ್ತು. ಅದರಿಂದ ಅಜ್ಜಿಗೆ ಉಪಯೋಗ ಆಗ್ತಿರ್ಲಿಲ್ಲ" ಎಂದಳು.

"ಬಣ್ಣ ನೋಡ್ತಿದ್ದೆಯಲ್ಲಮ್ಮ" ಎಂದೆ.



"ನೋಡ್ತಿದ್ದೆ ತಾತ" ಎಂದಳು. "ಅದೇ ಜೀಪಲ್ಲಿ ಕರ್ಕೊಂಡು ಹೋಗ್ತಿದ್ದೆ."

ಓದುವವರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಡಾಕ್ಟರು ಬೈದರೆ ಬೈಯಲಿ, ಕೊಟ್ಟದ್ದನ್ನು, ತಿಂದದ್ದನ್ನು, ಕಂಡದ್ದನ್ನು ಇದ್ದ ಹಾಗೆ ಹೇಳಿಬಿಡಿ. ಬೈಗುಳಕ್ಕೆ ಯಾರೂ ಸತ್ತಿಲ್ಲ. ನನ್ನ ಮಾನ ಉಳಿಸಿಕೊಳ್ಳಲು ಹೋಗಿ ನಾನು ಕಳೆದುಕೊಂಡದ್ದು ದಾಕ್ಷಾಯಣಿಯನ್ನು.

ಸುಮಿತ್ರಾ ಈಗಲೂ ತಿಂಗಳಿಗೊಮ್ಮೆ ಬರುತ್ತಾಳೆ. ಬಟ್ಟೆ ಒಗೆದು, ನಾಲ್ಕು ದಿನಕ್ಕಾಗುವಷ್ಟು ಸಾರು, ಪಲ್ಯ ಮಾಡಿಟ್ಟು, ನನ್ನ ಸಕ್ಕರೆ ಮಾತ್ರೆ ಮುಗಿದಿದ್ದರೆ ತಂದಿಡುತ್ತಾಳೆ. "ಊಟ ಮಾಡಿ" ಎನ್ನುತ್ತಾಳೆ, "ಬಾಗಿಲು ಹಾಕ್ಕೊಳ್ಳಿ" ಎನ್ನುತ್ತಾಳೆ. ಒಂದರಲ್ಲೂ ಕೊರತೆ ಮಾಡಿಲ್ಲ. ವರ್ಷದ ಕಾರ್ಯದ ದಿನದಿಂದ ಈಚೆಗೆ ನನ್ನನ್ನು ಅಪ್ಪ ಎಂದು ಕರೆದಿಲ್ಲ. ಕರೆಯೆಂದು ಕೇಳಲು ನನಗೆ ಬಾಯಿ ಬರುವುದಿಲ್ಲ.