ಅಪ್ಪನ ಮುಖಕ್ಕೊಂದು ರೇಜರ್

ಲೈನ್‌ಮನೆಯ ಹುಡುಗಿ ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನಮ್ಮ ಕಾಫಿ ಎಸ್ಟೇಟಿನ ರೈಟರ್. ಲೈನ್ ಎಂದರೆ ಆಳುಗಳ ಸಾಲುಮನೆ; ಅಲ್ಲಿನವರ ಹಾಜರಿ ಬರೆಯುವವರು ಅವರು. ಅವರ ಮಾತಿಗೆ ಲೈನಿನಲ್ಲಿ ಯಾರೂ ಎದುರು ಹೇಳುತ್ತಿರಲಿಲ್ಲ. ನಾನು ಪಿಯುಸಿಗೆ ಸೇರಿದ ವರ್ಷ ಅಪ್ಪನನ್ನು ಎಲ್ಲರೆದುರು ಕರೆದು, "ಎಷ್ಟು ಓದಿಸಿದ್ರೂ ಕಡೆಗೆ ಪಿಕ್ಕಿಂಗಿಗೇ ಬರ್ಬೇಕಲ್ಲ ಮಾರಾಯ. ಸುಮ್ನೆ ಯಾಕೆ ಬಸ್ ಚಾರ್ಜು?" ಎಂದಿದ್ದರು. ಅಪ್ಪ ನಕ್ಕುಬಿಟ್ಟ. ಆ ನಗು ನನಗೆ ಬಹಳ ಕಾಲ ಚುಚ್ಚಿತು. ಕಾಲೇಜಿನ ರಜೆಯಲ್ಲಿ ನಾನು ಅವ್ವನ ಜೊತೆ ಕಾಫಿ ಕೊಯ್ದಿದ್ದೇನೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ನನ್ನ ಬದುಕಿಗೆ ಅದೇ ಕೊನೆ ಎಂದು ಇನ್ನೊಬ್ಬರು ಹೇಳಬಾರದು.

ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಡಿಗ್ರಿ ಮುಗಿಸಿದೆ. ಪದವಿ ಪ್ರದಾನಕ್ಕೆ ತಂದೆ ತಾಯಿಯನ್ನು ಕರೆತರಬಹುದು ಎಂದು ಕಾಲೇಜಿನವರು ತಿಳಿಸಿದಾಗ ನನಗೆ ಬೇಕಾಗಿದ್ದುದು ಒಂದೇ. ಆ ಸಭಾಂಗಣದ ಕುರ್ಚಿಯಲ್ಲಿ ಅಪ್ಪ ಕೂತಿರಬೇಕು.

ಅಪ್ಪ ಬರುವುದಿಲ್ಲ ಎಂದ.

"ಈ ಮುಖ ಹೊತ್ಕೊಂಡು ಎಲ್ಲಿಗ್ ಬರ್ಲಿ ಮಗಾ? ಸಾವಿನ್ ಮನೆಯವ್ನ ಥರ ಕಾಣ್ತೀನಿ. ನಿಮ್ಮವ್ವನ್ನ ಕರ್ಕೊಂಡೋಗು."

ತಿತಿಮತಿ ಕಡೆಯ ನಮ್ಮ ಲೈನಿಗೆ ಭಾನುವಾರ ಕ್ಷೌರಿಕರೊಬ್ಬರು ಬರುತ್ತಿದ್ದರು. ನೀರಿನ ಟ್ಯಾಂಕಿನ ಪಕ್ಕ ಗಂಡಸರು ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಅಪ್ಪ ಆ ಸಾಲು ತಪ್ಪಿಸಿದವನಲ್ಲ. ತನ್ನ ಕೈಯಿಂದ ತಾನು ಗಡ್ಡ ಹೆರೆದುಕೊಂಡವನೂ ಅಲ್ಲ. ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ದಿನವೂ ನುಂಗಬೇಕಾಯಿತು. ಸಣ್ಣ ಗೀರು ಬಿದ್ದರೂ ರಕ್ತ ಬೇಗ ನಿಲ್ಲದು. ಅದನ್ನು ಕೇಳಿದ್ದೇ ಕ್ಷೌರಿಕರು ಕತ್ತಿ ಮಡಚಿದರು. "ಏನಾರ ಹೆಚ್ಚುಕಮ್ಮಿ ಆದ್ರೆ ನಾನು ಈ ಲೈನಿಗೆ ಮತ್ತೆ ಕಾಲಿಡಕ್ಕಾಯ್ತದಾ ಅಣ್ಣ?" ಅವರದ್ದೂ ತಪ್ಪಲ್ಲ. ಆಮೇಲೆ ಅವ್ವನೇ ಕತ್ತರಿಯಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸುತ್ತಿದ್ದಳು. ಸಾವಾದ ಮನೆಯ ಗಂಡಸು ಮಾತ್ರ ಹೀಗೆ ಗಡ್ಡ ಬಿಟ್ಟುಕೊಂಡು ತಿರುಗುವುದು ಎಂದು ನಂಬಿದವನು ಅಪ್ಪ. ಕನ್ನಡಿ ನೋಡುವುದನ್ನೇ ಬಿಟ್ಟಿದ್ದ.

ಅವನನ್ನು ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ದಾಗ ನರ್ಸಮ್ಮನನ್ನು ಕೇಳಿದೆ. ಕತ್ತಿ ಬೇಡವೇ ಬೇಡ, ಕರೆಂಟಿನ ಮೆಷಿನ್ ಆದರೆ ಒಳ್ಳೆಯದು, ಇಲ್ಲದಿದ್ದರೆ ಬ್ಲೇಡಿನ ತಲೆ ಬದಲಿಸುವ ಸೇಫ್ಟಿ ರೇಜರ್ ಹಗುರ ಕೈಯಲ್ಲಿ ಎಳೆಯಬಹುದು ಎಂದರು. ಅಷ್ಟು ಸಾಕಾಯಿತು ನನಗೆ.

ಇನ್ನೊಂದು ತೊಡಕಿತ್ತು. ಕಾರ್ಯಕ್ರಮ ಬುಧವಾರ, ಹೊರಡುವುದು ಮಂಗಳವಾರ. ಮಂಗಳವಾರ ನಮ್ಮಲ್ಲಿ ಮುಖಕ್ಕೆ ಬ್ಲೇಡು ತಾಗಿಸುವಂತಿಲ್ಲ. ಭಾನುವಾರವೋ ಸೋಮವಾರವೋ ಮಾಡಿದರೆ ಬುಧವಾರಕ್ಕೆ ಮತ್ತೆ ಬಿಳಿ ಮುಳ್ಳು. ಹಾಗಾಗಿ ರೇಜರೂ ನಮ್ಮೊಡನೆ ಬಸ್ಸು ಹತ್ತಬೇಕು, ಮೈಸೂರಿನ ಲಾಡ್ಜಿನ ನಲ್ಲಿಯ ಕೆಳಗೆ ಕೆಲಸ ಮಾಡಬೇಕು.

ಗೋಣಿಕೊಪ್ಪದ ಅಂಗಡಿಯ ಕಾಕ ಕೇರಳದ ಕಡೆಯವರು, ಮಗಳೇ ಎನ್ನಲು ಮೋಳೆ ಎನ್ನುವವರು. ರೇಜರ್ ತೋರಿಸಿ ಎಂದದ್ದಕ್ಕೆ ಹುಬ್ಬೇರಿಸಿದರು.

"ಯಾರಿಗೆ ಮೋಳೆ? ಕಟ್ಟಿಕೊಳ್ಳುವ ಹುಡುಗನಿಗಾ?"

"ನಮ್ಮವ್ವ ಕಟ್ಕೊಂಡ ಹುಡುಗನಿಗೆ."

ಅವರು ಜೋರಾಗಿ ನಕ್ಕು, ಇದ್ದದ್ದನ್ನೆಲ್ಲ ಗಾಜಿನ ಮೇಲೆ ಹರಡಿದರು. ಮೆಷಿನ್ ಕೂದಲನ್ನು ಗಿಡ್ಡ ಮಾಡುತ್ತದೆ, ನುಣುಪು ಮಾಡುವುದಿಲ್ಲ. ಅಪ್ಪ ಕೆನ್ನೆ ಸವರಿ ನೋಡುವವನು, ಒಪ್ಪುವುದಿಲ್ಲ. ಬಳಸಿ ಬಿಸಾಡುವ ಹಳದಿಯದು ಕೈಗೆ ಹಿಡಿತ ಸಿಗದಷ್ಟು ಹಗುರ, ಅದರ ತಲೆ ಆಡುವುದಿಲ್ಲ. ಐದು ಬ್ಲೇಡಿನದು ಒಳ್ಳೆಯದೆಂದು ಕಾಕ ಒತ್ತಾಯಿಸಿದರು. ಅದರ ತಲೆ ದಪ್ಪ. ಆಪರೇಷನ್ ಆದ ಮೇಲೆ ಅಪ್ಪನ ಕೆನ್ನೆ ಒಳಗೆ ಹೋಗಿದೆ, ಆ ಗುಳಿಗೆ ಅದು ಇಳಿಯುವುದಿಲ್ಲ. ಬೆಳೆದ ಕೂದಲು ಬ್ಲೇಡುಗಳ ಸಂದಿಯಲ್ಲಿ ಕಟ್ಟಿಕೊಂಡರೆ ಎಳೆದಾಡಬೇಕು. ಎರಡು ಬ್ಲೇಡಿನದರ ತಲೆ ಸಣ್ಣದು, ಮುಖದ ಏರುತಗ್ಗಿಗೆ ಬಾಗುತ್ತದೆ, ಬೆನ್ನು ತೆರೆದಿರುವುದರಿಂದ ನೀರು ಹಿಡಿದರೆ ಕೂದಲು ಹರಿದುಹೋಗುತ್ತದೆ. ಮೇಲೆ ಕೂರುವ ಮುಚ್ಚಳ ಇತ್ತು, ಚೀಲದಲ್ಲಿ ಕೈಗೆ ತಾಗುವ ಭಯವಿಲ್ಲ. ಅದನ್ನೇ ತೆಗೆದುಕೊಂಡೆ. ಮನೆಗೆ ಬಂದು ನನ್ನ ಮುಂಗೈ ಮೇಲೆ ಎಳೆದು ನೋಡಿ, ಆ ತಲೆ ತೆಗೆದು ಹೊಸದು ಸಿಕ್ಕಿಸಿಟ್ಟೆ. ಅವ್ವ, "ಗಂಡುಬೀರಿ" ಎಂದು ಗೊಣಗಿದಳು.

ಅಪ್ಪ ರೇಜರನ್ನು ತಿರುಗಾ ಮುರುಗಾ ಮಾಡಿ ನೋಡಿದ. "ಸರಿ, ಬಸ್ ಹತ್ತೀನಿ. ಮುಖ ಮುಖದಂಗಾದ್ರೆ ಒಳಕ್ ಬತ್ತೀನಿ. ಇಲ್ದಿದ್ರೆ ಗೇಟ್ ಹತ್ರ ನಿಂತಿರ್ತೀನಿ. ಬಲವಂತ ಮಾಡ್ಬಾರ್ದು."

ಬುಧವಾರ ಬೆಳಿಗ್ಗೆ ಲಾಡ್ಜಿನ ಕಿಟಕಿಯ ಬೆಳಕಿಗೆ ಅಪ್ಪನನ್ನು ಕೂರಿಸಿದೆವು. ರೇಜರನ್ನು ಕೆನ್ನೆಯವರೆಗೆ ಒಯ್ದು ಇಳಿಸಿದ. ನನ್ನತ್ತ ಚಾಚಿ, "ನೀನೇ ಮಾಡು" ಎಂದ.

"ಹೆಣ್ ಮಗ್ಳು ಅಪ್ಪನ್ ಗಡ್ಡ ಹೆರೆಯೋದಾ?" ಅವ್ವ ಬಾಯಿಗೆ ಸೆರಗು ಹಿಡಿದಳು. "ನೋಡಿದವ್ರು ಏನಂದಾರು?"

"ಕದ ಹಾಕು. ಯಾರ್ ನೋಡ್ತಾರೆ?"

ಅವ್ವ ಕದ ಹಾಕಿದಳು. ಮೊದಲು ಕತ್ತರಿಯಲ್ಲಿ ಗಿಡ್ಡ ಮಾಡಿದೆ. ಬಿಸಿನೀರಿನ ಟವೆಲ್ ಒತ್ತಿ, ನೊರೆ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಎಳೆದೆ. ಒತ್ತಲಿಲ್ಲ. ಒಂದು ಎಳೆತ, ಒಂದು ಸಲ ತೊಳೆಯುವುದು. ಕೆನ್ನೆ ನಾನು ಚಿಕ್ಕವಳಿದ್ದಾಗ ಕಂಡ ಕೆನ್ನೆಯಾಗಿ ಹೊರಬಂತು. ಶರ್ಟಿನ ಬಟನ್ನಿನ ಮೇಲೆ ಆಪರೇಷನ್ನಿನ ಗೆರೆಯ ತುದಿ ಕಾಣುತ್ತಿತ್ತು. ನಾನು ಅತ್ತ ನೋಡದಿರಲು ಯತ್ನಿಸಿದೆ.

"ರೇಷನ್ ಅಕ್ಕಿ ತೊಳ್ದಂಗೆ ತೊಳೀತೀಯಲ್ಲ, ಕಲ್ಲೇನಾದ್ರೂ ಸಿಕ್ತಾ?" ಎಂದ ಅಪ್ಪ. ಅವ್ವನಿಗೆ ನಗು ಬಂತು, ಅದನ್ನು ನೋಡಿ ಅವನಿಗೂ ಬಂತು. ದವಡೆ ಅಲುಗಿತು. ನೊರೆಯಲ್ಲಿ ಕೆಂಪು ಚುಕ್ಕೆ ಕಂಡಿತು.

ಹತ್ತಿ ಒತ್ತಿದೆ. ತೆಗೆದರೆ ಮತ್ತೆ ಜಿನುಗಿತು. ಮತ್ತೆ ಒತ್ತಿದೆ. ಕಾರ್ಯಕ್ರಮಕ್ಕೆ ಮೊದಲೇ ಹೋಗಿ ಪದವಿ ಪಡೆಯುವವರು ಸಾಲಿನಲ್ಲಿ ನಿಲ್ಲಬೇಕಿತ್ತು. ಅಪ್ಪನಿಗೆ ಅದು ಗೊತ್ತಿತ್ತು.

"ನೀನ್ ಹೋಗು. ಹೆಸ್ರು ಕರೀತಾರೆ."

"ನಿನ್ನ ಬಿಟ್ಟು ಹೋಗಲ್ಲ."

"ಹಂಗಾದ್ರೆ ಮುಗ್ಸು. ಅರ್ಧ ಮುಖ ಇಟ್ಕೊಂಡು ನಾನೇನ್ ಮಾಡ್ಲಿ?"

ಅವ್ವ ಪಕ್ಕ ಬಂದು ಕೂತಳು. ಹತ್ತಿಯ ಮೇಲೆ ತನ್ನ ಹೆಬ್ಬೆರಳಿಟ್ಟು ಒತ್ತಿ ಹಿಡಿದಳು. ಅಪ್ಪ ಉಸಿರು ಬಿಗಿಹಿಡಿದ. ನಾನು ಇನ್ನೊಂದು ಕೆನ್ನೆಯನ್ನು, ಗದ್ದವನ್ನು, ಮೂಗಿನ ಕೆಳಗನ್ನು ಮುಗಿಸಿದೆ. ಮೂವರಲ್ಲಿ ಯಾರೂ ನಗಲಿಲ್ಲ.

ರಕ್ತ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹತ್ತಿಯ ಮೇಲೆ ಪ್ಲಾಸ್ಟರ್ ಅಂಟಿಸಿ ಕನ್ನಡಿ ಕೊಟ್ಟೆ. ಬಿಳಿ ಶರ್ಟು, ನುಣುಪಾದ ಮುಖ, ದವಡೆಯ ಮೇಲೆ ಉಬ್ಬಿದ ಹತ್ತಿ. ಗೇಟಿನ ಹತ್ತಿರವೇ ನಿಲ್ಲುತ್ತೇನೆ ಎನ್ನುವನೆಂದು ಕಾದೆ. ಅಪ್ಪ ಕೆನ್ನೆಯನ್ನು ಮೇಲೆ ಕೆಳಗೆ ಸವರಿದ. ಮತ್ತೊಮ್ಮೆ ಸವರಿದ.

"ಹತ್ತಿ ಇದ್ರೆ ಇರ್ಲಿ. ನಡೀರಿ, ಹೊತ್ತಾಯ್ತು."

ವೇದಿಕೆಯ ಮೇಲೆ ನನ್ನ ಹೆಸರು ಕರೆದಾಗ ನಾನು ಮೊದಲು ನೋಡಿದ್ದು ಕುರ್ಚಿಗಳ ಕಡೆಗೆ. ಅಪ್ಪ ದವಡೆಗೆ ಒಂದು ಕೈ ಒತ್ತಿಕೊಂಡು ನೆಟ್ಟಗೆ ಕೂತಿದ್ದ. ಚಪ್ಪಾಳೆ ಹೊಡೆಯಲು ಅವನಿಗೆ ಎರಡೂ ಕೈ ಬಿಡುವಿರಲಿಲ್ಲ. ಇನ್ನೊಂದು ಕೈಯಿಂದ ತೊಡೆಯ ಮೇಲೆ ತಟ್ಟುತ್ತಿದ್ದ.

ಹೊರಗೆ ಬಂದು ಪ್ರಮಾಣಪತ್ರವನ್ನು ಅವನತ್ತ ನೀಡಿದೆ. ಅಪ್ಪ ಬೆರಳುಗಳನ್ನು ನೋಡಿಕೊಂಡು, ಪಂಚೆಗೆ ಒರೆಸಿಕೊಂಡು, ಅಂಚಿನಲ್ಲಿ ಹಿಡಿದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಅದನ್ನು ಎದೆಯ ಹತ್ತಿರಕ್ಕೆ ಇಳಿಸಿ, ಅವ್ವನನ್ನು ಪಕ್ಕಕ್ಕೆ ಎಳೆದುಕೊಂಡು ಹೇಳಿದ:

"ಫೋಟೋ ತೆಗಿ ಮಗಾ. ಮುಖ ಕಾಣೋ ಹಂಗೆ ತೆಗಿ."