ಮಾವನ ರೆಪ್ಪೆ

ನನ್ನ ಮಗ ಹುಟ್ಟಿದಾಗ ಅವನ ಎಡಗಣ್ಣಿನ ರೆಪ್ಪೆ ಮೇಲೇಳಲಿಲ್ಲ. ಪಾಂಡವಪುರದ ಆಸ್ಪತ್ರೆಯಲ್ಲಿ ನಾನು ಗಾಬರಿಯಿಂದ ನರ್ಸನ್ನು ಕೂಗುತ್ತಿದ್ದರೆ, ಅತ್ತೆ ಮಗುವಿನ ಮುಖ ನೋಡಿ ಗೋಳೋ ಎಂದು ಅತ್ತರು. ಸಂತೋಷಕ್ಕೆ! ಮಾವ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವರಿಗೂ ಹುಟ್ಟಿನಿಂದ ಅದೇ ಕಣ್ಣು, ಅದೇ ಜೋಲು ರೆಪ್ಪೆ. ಸದಾ ಗದ್ದ ಎತ್ತಿಕೊಂಡು ನೋಡುತ್ತಿದ್ದುದರಿಂದ ಗೊತ್ತಿಲ್ಲದವರು ಅವರನ್ನು ಜಂಬದ ಮನುಷ್ಯ ಎನ್ನುತ್ತಿದ್ದರು.

“ನಿಮ್ಮಾವ ವಾಪಸ್ ಬಂದವ್ರೆ ಕಣವ್ವ” ಎಂದರು ಅತ್ತೆ.

ಅಂದಿನಿಂದ ಅರಕೆರೆಯ ನಮ್ಮ ಮನೆಯಲ್ಲಿ ಮಗುವಿಗೆ ಬಹುವಚನ. ಉಚ್ಚೆ ಬಟ್ಟೆ ಬದಲಿಸುವಾಗಲೂ ಅತ್ತೆ “ಕಾಲೆತ್ತಿ” ಎನ್ನುವರು. ನನಗೆ ನಗು ತಡೆಯುತ್ತಿರಲಿಲ್ಲ. ಪಿತೃಪಕ್ಷದಲ್ಲಿ ಮಾವನ ಫೋಟೊ ಮುಂದೆ ಎಡೆ ಇಟ್ಟರೆ ಮೊದಲ ತುತ್ತು ಇವನ ಬಾಯಿಗೇ. ಗಂಡ ಹೋದ ಮೇಲೆ ಸರಿಯಾಗಿ ಊಟ ಮಾಡದಿದ್ದ ಹೆಂಗಸು ಮತ್ತೆ ಹೊಟ್ಟೆ ತುಂಬ ಉಣ್ಣುವುದನ್ನು ನೋಡಿ ನನಗೂ ಸಮಾಧಾನವಾಗುತ್ತಿತ್ತು.

ಮೈಸೂರಿನ ಕಣ್ಣಿನ ಡಾಕ್ಟರು ಬೇರೆಯೇ ಹೇಳಿದರು. ಮಾವನಿಗೆ ರೆಪ್ಪೆಯ ಕೆಳಗೆ ನೋಡುವಷ್ಟು ಸಂದಿಯಿತ್ತು, ಇವನಿಗೆ ಪಾಪೆಯೇ ಮುಚ್ಚಿಹೋಗಿದೆ. ವಯಸ್ಸಾದ ಮೇಲೆ ಜೋತುಬಿದ್ದ ರೆಪ್ಪೆಯನ್ನು ನಿಧಾನವಾಗಿ ಎತ್ತಿಸಿಕೊಳ್ಳಬಹುದು. ಮಗುವಿಗೆ ಕಾಯುವಂತಿಲ್ಲ, ಬೆಳಕು ಬೀಳದ ಕಣ್ಣಿನಲ್ಲಿ ನೋಡುವುದನ್ನು ಮಿದುಳು ಕಲಿಯುವುದೇ ಇಲ್ಲ. ಬೇಗ ಆಪರೇಷನ್ ಮಾಡಿಸಿ ಎಂದರು.

ಅತ್ತೆ ಅನ್ನ ಬಿಟ್ಟು ಮಲಗಿದರು. “ಅವ್ರು ಆ ಕಣ್ಣಲ್ಲೇ ಬಾಳ್ವೆ ಮಾಡ್ನಿಲ್ವಾ? ಇರೋದೊಂದು ಗುರ್ತು, ಅದ್ನೂ ಕುಯ್ಬುಡಬ್ಯಾಡಿ.”

ನನ್ನ ಗಂಡ ಊರಿಗೆ ಹುಲಿ, ಅವ್ವನ ಮುಂದೆ ಇಲಿ. ಇನ್ನೊಂದು ವರ್ಷ ನೋಡೋಣ ಎಂದರು. ನನ್ನ ಬಾಯಿ ಮೊದಲೇ ಜೋರು. ಜಗಳವಾಡಿದೆ, ಮುನಿದು ಮಗುವಿನೊಂದಿಗೆ ತವರಿಗೆ ಹೋದೆ. ಅಲ್ಲೂ ನನಗೇ ಬುದ್ಧಿ ಹೇಳಿ ವಾಪಸ್ ಬಸ್ಸು ಹತ್ತಿಸಿದರು. ಹೀಗೇ ವರ್ಷಗಳು ಉರುಳಿದವು. ಎಡಕ್ಕೆ ಏನಿದ್ದರೂ ಮಗ ಡಿಕ್ಕಿ ಹೊಡೆಯುತ್ತಿದ್ದ. ಒಂದು ದಿನ ನಿಂತಿದ್ದ ಟ್ರಾಕ್ಟರಿಗೆ ಹಾಯ್ದು ಹಣೆ ಒಡೆದುಕೊಂಡ. ರಕ್ತ ಒರೆಸುತ್ತ ಅತ್ತೆಯೇ, ಆಪರೇಷನ್ನಿಗೆ ಕರೆದುಕೊಂಡು ಹೋಗಿ ಎಂದರು. ಅವನಿಗಾಗ ನಾಲ್ಕು ತುಂಬಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ನಮ್ಮ ಪಕ್ಕದಲ್ಲಿ ಸಂತೆಬಾಚಹಳ್ಳಿಯ ಅಜ್ಜರೊಬ್ಬರಿದ್ದರು. ವಯಸ್ಸಿಗೆ ಎರಡೂ ರೆಪ್ಪೆ ಜೋತುಬಿದ್ದಿದ್ದವು. ಅವರಿಗೆ ರೆಪ್ಪೆಯನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್. ಡಾಕ್ಟರು ಕಣ್ಣು ಬಿಡಿ, ಮುಚ್ಚಿ ಎಂದು ಅಳತೆ ನೋಡಿಕೊಂಡೇ ಹೊಲಿದರಂತೆ. ಸಂಜೆಗೆ ಕಾಫಿ ಕುಡಿದು ಊರಿಗೆ ಹೊರಟರು. ನನ್ನ ಮಗನಿಗೆ ಪೂರ್ತಿ ಎಚ್ಚರ ತಪ್ಪಿಸಬೇಕಿತ್ತು. ತೊಡೆಯೊಳಗಿನ ನಾರಿನಂಥ ಪೊರೆಯ ಒಂದು ಎಳೆ ತೆಗೆದು, ಅದರಿಂದ ರೆಪ್ಪೆಯನ್ನು ಹುಬ್ಬಿಗೆ ತೂಗುಹಾಕಿದರು. ಕಣ್ಣು ಊದಿ ನೀಲಿಗಟ್ಟಿತ್ತು. ನಿದ್ದೆಯಲ್ಲೂ ಚೂರು ತೆರೆದೇ ಇರುತ್ತದೆ, ಒಣಗದಂತೆ ಮುಲಾಮು ಹಚ್ಚಿ ಎಂದು ಮೊದಲೇ ಹೇಳಿದ್ದರು. ಆದರೂ ಹಾಗೆ ಮಲಗಿದವನನ್ನು ನೋಡಿ ನರ್ಸನ್ನು ಎರಡು ಸಲ ಕರೆದು ತೋರಿಸಿದೆ.

ಊತ ಇಳಿದ ಮೇಲೆ ಕಣ್ಣು ದುಂಡಗೆ ಚೆನ್ನಾಗಿ ಕಂಡಿತು. ಅತ್ತೆ ತುಂಬ ಹೊತ್ತು ನೋಡಿ, ಗೋಡೆಯ ಕಡೆ ತಿರುಗಿ ಸೆರಗು ಬಾಯಿಗಿಟ್ಟುಕೊಂಡರು. ಅವರ ಪಾಲಿಗೆ ಗಂಡ ಎರಡನೇ ಸಲ ಸತ್ತಿದ್ದರು.

ಇನ್ನು ದಿನಾ ಒಂದಷ್ಟು ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ, ಸೋತ ಕಣ್ಣಿಗೆ ಕೆಲಸ ಕಲಿಸಬೇಕು ಎಂದಿದ್ದರು ಡಾಕ್ಟರು. ತಡವಾಗಿದೆ, ಎಷ್ಟು ಬರುತ್ತದೋ ಹೇಳಲಾಗದು ಎಂದೂ ಸೇರಿಸಿದ್ದರು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂರಿಸಿ ಪಟ್ಟಿ ಅಂಟಿಸಿದೆ. ಅತ್ತೆ ಎದುರಿಗೇ ಕೂತು ಬಾಳೆಹಣ್ಣು ಸುಲಿದು ಚಾಚಿದ್ದರು. ಮಗ ಹೊಸದಾಗಿ ತೆರೆದ ಕಣ್ಣನ್ನು ನೇರ ಅವರ ಮೇಲೇ ನೆಟ್ಟಿದ್ದ. ಆಮೇಲೆ ಆ ಕಡೆ, ಈ ಕಡೆ ತಿರುಗಿದ.

“ಅಜ್ಜಿ ಎಲ್ಲೋಯ್ತು?” ಎಂದ.

ಅತ್ತೆಯ ಕೈಯಲ್ಲಿ ಹಣ್ಣು ಹಾಗೇ ನಿಂತಿತು. ಅವರಿಗೆ ಹೇಳಬೇಕೆಂದು ವರ್ಷಗಟ್ಟಲೆ ಕೂಡಿಟ್ಟ ಮಾತೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ಒಂದನ್ನೂ ಆಡಲಾಗಲಿಲ್ಲ. ಮಗ ತಡಕಾಡುತ್ತ ಅಳತೊಡಗಿದ. ಅತ್ತೆ ಅವನ ಕೈಯನ್ನು ಎಳೆದು ತಮ್ಮ ಕೆನ್ನೆಗೆ ಒತ್ತಿಕೊಂಡರು.

“ಇಲ್ಲೇ ಇವ್ನಿ ಕಣಪ್ಪ” ಎಂದರು. “ಮುಂದೇನೇ ಇವ್ನಿ.”