ಆಸ್ಪರಕೆ ಹೇಳಿದ ಸಾಕ್ಷಿ

ಕಳೆದ ವಾರ ನಾನು ವಿಜ್ಞಾನಿಯಾಗಿದ್ದೆ. ನಲವತ್ತು ಸೆಕೆಂಡು ಮಾತ್ರ. ಅದೂ ಫೋನಿನಲ್ಲಿ.

ನಿಮಗೆ ಗೊತ್ತೇ ಇದೆ, ನನ್ನ ಕಸುಬು ಮಿಮಿಕ್ರಿ. ಹಿಂದೂಪುರದ ಮದುವೆ ರಿಸೆಪ್ಷನ್ನುಗಳಲ್ಲಿ ಪವರ್‌ಲೂಮಿನ ಕಟಕಟದಿಂದ ಹಿಡಿದು ಬೀಗರ ಕೆಮ್ಮಿನವರೆಗೆ ಎಲ್ಲವನ್ನೂ ಗಂಟಲಲ್ಲೇ ತೆಗೆಯುತ್ತೇನೆ. (ಪಂಕ್ತಿಗೆ ಎಲೆ ಹಾಕಿದ ಮೇಲೆ ಒಬ್ಬರೂ ಕೇಳುವುದಿಲ್ಲ, ಅದು ಬೇರೆ ಮಾತು.) ನನ್ನ ಸ್ವಂತ ದನಿ ಯಾವುದೆಂದು ನನಗೇ ಮರೆತುಹೋಗಿದೆ.

ನನ್ನ ಸೋದರತ್ತೆ ನಾಗಮ್ಮ ಇರುವುದು ಕಲ್ಯಾಣದುರ್ಗದಲ್ಲಿ ಇಳಿದು ಬ್ರಹ್ಮಸಮುದ್ರದ ಬಸ್ಸು ಹಿಡಿದರೆ ಸಿಗುವ ಒಂದು ಹಳ್ಳಿಯಲ್ಲಿ. ಅವಳ ಹೊಲದ ಮೂಲೆಯಲ್ಲಿ, ಹಸಿರು ನೆರಳುಪರದೆಯ ಕೆಳಗೆ, ನಾಲ್ಕು ಸಾಲು ಆಸ್ಪರಾಗಸ್ ಇದೆ. ಈ ಬಿಸಿಲಿಗೆ ಅದು ಒಗ್ಗುತ್ತದೋ ಇಲ್ಲವೋ ನೋಡೋಣವೆಂದು ಸಂಶೋಧನಾ ಕೇಂದ್ರದ ಮೇಡಂ ಒಬ್ಬರು ಕೊಟ್ಟ ಸಸಿಗಳು. ನಮ್ಮ ಬೇಲಿಸಾಲಿನ ಶತಾವರಿಗೆ ಇದು ದಾಯಾದಿ. ಬೆಳೆಯಲು ಬಿಟ್ಟರೆ ನೂಲು ನೂಲಾಗಿ ಕೆದರಿಕೊಂಡು ಕಸ ಗುಡಿಸುವ ಪರಕೆಯ ಹಾಗೆ ನಿಲ್ಲುತ್ತದೆ. ಹಾಗಾಗಿ ಊರಲ್ಲಿ ಅದರ ಹೆಸರು ‘ಆಸ್ಪರಕೆ’.

ಬದುವಿನ ಮೇಲೊಂದು ಬೋರ್ಡು: ‘ಪ್ರಯೋಗ ತಾಕು. ರೈತರು: ಪಿ. ನಾಗಮ್ಮ’. ರೇಷನ್ ಕಾರ್ಡು ಬಿಟ್ಟರೆ ಅತ್ತೆಯ ಹೆಸರನ್ನು ಯಾರೂ ಎಲ್ಲೂ ಬರೆದವರಲ್ಲ. ದಿನಾ ಬೆಳಿಗ್ಗೆ ಸೆರಗಿನಿಂದ ಆ ಬೋರ್ಡು ಒರೆಸುತ್ತಾಳೆ. ಮಾವನ ಮುಖಕ್ಕೂ ಆ ಭಾಗ್ಯವಿಲ್ಲ.

ಷರತ್ತು ಒಂದೇ. ಎರಡು ವರ್ಷ ಕೊಯ್ಯಬಾರದು. ನೆಲದಿಂದ ಏಳುವ ಎಳೆ ದಂಟೇ ಇದರಲ್ಲಿ ತಿನ್ನುವ ಭಾಗ. ಅದನ್ನು ಮುಟ್ಟದೆ ಬಿಟ್ಟರೆ ಪರಕೆಯಾಗಿ, ಬಿಸಿಲುಂಡು, ಕೆಳಗಿನ ಬೇರಿಗೆ ಬುತ್ತಿ ಕಟ್ಟುತ್ತದೆ. ಬುತ್ತಿ ತುಂಬಿದ ಬೇರು ಆಮೇಲೆ ವರ್ಷಗಟ್ಟಲೆ ದಂಟು ಕೊಡುತ್ತದೆ. ಅವಸರಪಟ್ಟು ಕೊಯ್ದರೆ ಬೇರು ಸೊರಗುತ್ತದೆ. ತಾಕು ಪ್ರಯೋಗದಿಂದ ಔಟ್. ಬೋರ್ಡೂ ಔಟ್.

ಮೇಡಂ ವಾರವಾರ ಫೋನ್ ಮಾಡಿ ಇದನ್ನೇ ನೆನಪಿಸುತ್ತಾರೆ. ತೆಲುಗಿನಲ್ಲಿ, ಪ್ರತಿ ಮಾತಿಗೂ ‘ಅದೇಂಟಂಟೇ ಅಮ್ಮಾ…’, ಅಂದರೆ ‘ಅದೇನಪ್ಪಾ ಅಂದ್ರೆ ಅಮ್ಮಾ’, ಎಂದು ರಾಗ ಎಳೆದು. ಅತ್ತೆಯ ಮನೆಗೆ ಹೋದಾಗ ಇಂಥ ರಾಗ ಕೇಳಿದರೆ ನನ್ನ ಗಂಟಲು ಸುಮ್ಮನಿರುತ್ತದೆಯೇ? ಯಾರದೋ ಫೋನು ಇಸಕೊಂಡು ಅತ್ತೆಗೆ ಹಚ್ಚಿದೆ. ‘ಅದೇಂಟಂಟೇ ಅಮ್ಮಾ… ಇಂಕ ಕೋಸೇಯಂಡಿ!’ ಇನ್ನು ಕೊಯ್ದುಬಿಡಿ ಅಂತ. ಫೋನಿಟ್ಟು ಬಿದ್ದು ಬಿದ್ದು ನಕ್ಕೆ.

ಮರುದಿನ ಅತ್ತೆಯೇ ಫೋನ್ ಮಾಡಿದಳು. “ಮೇಡಂ ಹೇಳ್ಬುಟ್ರು ಕಣ್ಲಾ ಸೀನ! ಕೊಯ್ದು ಪಲ್ಯ ಮಾಡ್ಬುಟ್ಟೆ. ನಿಮ್ಮಾವ ಎರಡ್ ಸಲ ಹಾಕಿಸ್ಕೊಂಡ. ನಾಳೆ ಮೇಡಮ್ಮೂ ಬತ್ತಾರಂತೆ.”

ನಗು ನಿಂತಿತು. ‘ಅದು ನಾನತ್ತೆ’ ಅನ್ನಬೇಕಿತ್ತು. ಊರಿನ ಎಲ್ಲರ ದನಿಯೂ ಬರುವ ಗಂಟಲಲ್ಲಿ ಆ ಒಂದು ಮಾತು ಬರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸು. ಸೋಮಂದೇಪಲ್ಲಿ ದಾಟಿತು, ಪೆನುಕೊಂಡ ದಾಟಿತು, ನಾನು ಮಾತ್ರ ಇನ್ನೂ ‘ಅದು ನಾನತ್ತೆ’ಯ ಅಭ್ಯಾಸದಲ್ಲೇ ಇದ್ದೆ. ಹೊಲ ಮುಟ್ಟುವಷ್ಟರಲ್ಲಿ ಮೇಡಂ ಆಗಲೇ ಬದುವಿನ ಮೇಲೆ ನಿಂತಿದ್ದರು. ನೋಡಿದರೆ ಮೂರು ಸಾಲು ಹಾಗೇ ಇದೆ. ಒಂದು ಸಾಲು ಮಾತ್ರ ಪರಕೆ ಸಮೇತ ಬೋಳು!

“ಏನಮ್ಮಾ ಇದು?” (ಮೇಡಂ ತೆಲುಗು, ನಿಮಗಾಗಿ ನನ್ನ ಕನ್ನಡ.)

“ಮೇಕೆ ಮೇಡಂ,” ಎಂದಳು ಅತ್ತೆ, ಕಣ್ಣು ಮಿಟುಕಿಸದೆ. “ಪಕ್ಕದ್ ಹೊಲದ್ ಮೇಕೆ ನುಗ್ಬುಡ್ತು.”

ಮೇಡಂ ನಂಬುವಂತಿದ್ದರು. ಅಷ್ಟರಲ್ಲಿ ಮಾವ ಬಂದ. ಮೇಡಂ ಹೆಸರಿನ ಮುಂದೆ ‘ಡಾ.’ ಇದೆ ಎಂದು ಅವನಿಗೆ ಯಾರೋ ಹೇಳಿದ್ದರು.

“ಡಾಕ್ಟ್ರಮ್ಮಾ, ಒಂದ್ ಮಾತು,” ಎಂದು ಗುಟ್ಟು ಹೇಳುವವನಂತೆ ಬಗ್ಗಿ, ನಾಲ್ಕು ಹೊಲಕ್ಕೆ ಕೇಳುವಂತೆ ಶುರುಮಾಡಿದ. “ನೆನ್ನೆಯಿಂದ ಒಂದಕ್ಕೋದ್ರೆ ಕೋಸು ಬೇಯ್ಸಿದ್ ನೀರಿನ್ ವಾಸ್ನೆ ಕಣಮ್ಮ. ಶುಗರ್ ಏನಾರಾ ಬಂದ್ಬುಡ್ತಾ?”

ಮೇಡಂ ಮಾವನ ಮುಖ ನೋಡಿದರು, ಬೋಳು ಸಾಲು ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಮಾವಯ್ಯಾ, ಹಾಗಾದ್ರೆ ಆ ಮೇಕೆ ನೀವೇನಾ?”

ಆಸ್ಪರಾಗಸ್ ತಿಂದರೆ ಅದರಲ್ಲಿರುವ ಗಂಧಕದ ಅಂಶದಿಂದ ಮೂತ್ರಕ್ಕೆ ಇಂಥ ವಾಸನೆ ಬರುತ್ತದಂತೆ. ಭಯವೇನಿಲ್ಲ. ಕೆಲವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. (ಅತ್ತೆಯದು ಅಂಥ ಮೂಗು. ಇಲ್ಲದಿದ್ದರೆ ಮೇಕೆಯನ್ನು ಕರೆಸುವ ಮುಂಚೆ ಮಾವನನ್ನು ಎಲ್ಲಿಗಾದರೂ ಕಳಿಸಿರುತ್ತಿದ್ದಳು.)

“ಅಂಗಾದ್ರೆ ಇದ್ನ ತಿಂದ್ರೆ ಶುಗರ್ ಹೋಯ್ತದಾ? ವಾಟ್ಸಾಪಲ್ ಬಂದಿತ್ತು,” ಎಂದ ಮಾವ.

“ನಾರಿದೆ, ಫೋಲೇಟ್ ಇದೆ, ವಿಟಮಿನ್ ಕೆ ಇದೆ. ಒಳ್ಳೇ ತರಕಾರಿ. ತಾಯತ ಅಲ್ಲ,” ಎಂದರು ಮೇಡಂ. ಆಮೇಲೆ ನಗು ಇಳಿಸಿ, ಯಾಕೆ ಕೊಯ್ದಿರೆಂದು ಅತ್ತೆಯ ಕಡೆ ತಿರುಗಿದರು.

“ನೀವೇ ಫೋನ್ ಮಾಡಿ ಹೇಳಿದ್ರಲ್ಲ ಮೇಡಂ?”

“ನಾನಾ?”

ನಾನು ಪರಕೆಯ ಹಿಂದೆ ಅಡಗಲು ನೋಡಿದೆ. ಆಸ್ಪರಾಗಸ್ಸಿನ ಎಲೆ ಎಷ್ಟು ತೆಳುವೆಂದು ಆಗ ತಿಳಿಯಿತು. “ನಾನೇ ಮೇಡಂ,” ಎಂದೆ. ಅದು ನನ್ನ ಸ್ವಂತ ದನಿ. ಎಷ್ಟು ದಿನವಾಗಿತ್ತು ಕೇಳಿ!

“ಗೊತ್ತು ಕಣ್ಲಾ,” ಎಂದಳು ಅತ್ತೆ. “ಫೋನ್ ಮಡಗೋವಾಗ ‘ಇಡ್ತೀನತ್ತೆ’ ಅಂದೆ. ಮೇಡಮ್ಗೆ ನಾನು ಯಾವಾಗ್ಲಾ ಅತ್ತೆ ಆದೆ?”

“ಮತ್ಯಾಕತ್ತೆ ಕೊಯ್ದೆ?”

“ಒಂದೂವರೆ ವರ್ಷ ನೀರಾಕಿವ್ನಿ. ಒಂದ್ ಸಾಲಿನ್ ರುಚಿ ನೋಡ್ಬಾರ್ದಾ? ತಪ್ಪು ಹೊರೋಕೆ ನೀನಿದ್ದೆ, ಕೊಯ್ದೆ.” ಇಷ್ಟು ಹೇಳಿದವಳು ಬೋರ್ಡಿನ ಕಡೆ ನೋಡಿದಳು. ದನಿ ಸಣ್ಣಗಾಯಿತು. “ಕಿತ್ತಾಕ್ಬುಡ್ತೀರಾ ಮೇಡಂ?”

ಈ ದನಿಯನ್ನು ನಾನು ಯಾವತ್ತೂ ಅನುಕರಿಸಲಾರೆ.

ಮೇಡಂ ಉಳಿದ ಮೂರು ಸಾಲಿನ ಉದ್ದಕ್ಕೂ ನಡೆದರು. ಬುಡ ಕೆದಕಿ ನೋಡಿದರು. ಪುಸ್ತಕ ತೆಗೆದು ಏನೋ ಗೀಚಿದರು. “ಮೂರು ಸಾಲು ಚೆನ್ನಾಗಿದೆ, ಬೋರ್ಡಿರಲಿ. ಈ ಸಾಲಿನ ಲೆಕ್ಕ ಬೇರೆ. ಮೇಕೆ ಅಂತ ಬರೆಯೋಕಾಗಲ್ಲಮ್ಮಾ, ತಪ್ಪಾದರೆ ತಪ್ಪು ಅಂತಲೇ ಬರೀಬೇಕು. ಅವಸರಪಟ್ಟರೆ ಬೇರು ಎಷ್ಟು ಸೊರಗುತ್ತೆ, ಮುಂದಿನ ವರ್ಷ ನೋಡೇಬಿಡೋಣ.”

ಬೋಳು ಸಾಲಿಗೊಂದು ಗುರುತಿನ ಗೂಟ ಬೇಕಾಯಿತು. ಅದರ ಮೇಲೆ ಏನು ಬರೆಯಲಿ ಎಂದು ಮೇಡಂ ಕೇಳಿದ್ದೇ ತಡ, ಅತ್ತೆ ಸೆರಗು ಸಿಕ್ಕಿಸಿ ನಿಂತು ಹೇಳಿದಳು, “ಸೀನನ ಸಾಲು.”

ನೆನ್ನೆ ಮಾವ ಫೋಟೋ ಕಳಿಸಿದ್ದಾನೆ. ನನ್ನ ಸಾಲಿನಲ್ಲಿ ಹೊಸ ದಂಟೊಂದು ಬೆರಳೆತ್ತರ ಎದ್ದಿದೆ. ಪಕ್ಕದಲ್ಲಿ ನನ್ನ ಗೂಟ. ಅತ್ತೆ ಈಗ ಬೋರ್ಡಿನ ಜೊತೆ ಅದನ್ನೂ ಒರೆಸುತ್ತಾಳಂತೆ.

ನೀವೂ ಇಷ್ಟೆಲ್ಲ ತಪ್ಪು ಮಾಡಿದ್ದೀರಲ್ಲ ಸ್ವಾಮಿ, ನಿಮ್ಮದು ಒಂದಾದರೂ ಚಿಗುರಿದೆಯೇ?